ಗೋವಾದಲ್ಲೇ ಉಳಿಯೋದಾ, ಊರಿಗೆ ವಾಪಸ್ ಬರೋದಾ?

ವೀಕ್ಷಕರೇ, ಇವತ್ತು ಯಾರು ಯಾರಿಗೆ ಟಾಂಗ್ ಕೊಟ್ಟರು ಅನ್ನೋದನ್ನು ಪಕ್ಕಕ್ಕಿಡೋಣ. ಒಂದು ಮನೆ ವಿಷಯ ಮಾತಾಡೋಣ.

ಶಿಕಾರಿಪುರ, ಸೊರಬ ಅಂದ ಕೂಡಲೇ ನಮ್ಮಂಥ ಟಿವಿಯವರಿಗೆ ನೆನಪಾಗೋದು ಮುಖ್ಯಮಂತ್ರಿಗಳು. ಯಡಿಯೂರಪ್ಪನವರ ಶಿಕಾರಿಪುರ, ಬಂಗಾರಪ್ಪನವರ ಸೊರಬ. ಚುನಾವಣೆ ಬಂದಾಗ ನಮ್ಮ ವ್ಯಾನ್ ಹೋಗಿ ಅಲ್ಲಿ ನಿಲ್ಲುತ್ತೆ, ಮುಗಿದ ಮಾರನೇ ದಿನ ವಾಪಸ್ ಬರುತ್ತೆ. ಅದೇ ತಾಲೂಕುಗಳಿಂದ ಹಾನಗಲ್, ಹುಬ್ಬಳ್ಳಿ ಮೇಲಿಂದ ಬಸ್ಸು ಹಿಡಿದು ಗೋವಾಕ್ಕೆ ಹೋದವರು, ಅಲ್ಲಿ ಗಾರೆ ಕೆಲಸ, ಸೆಂಟ್ರಿಂಗ್, ಬಂದರಿನ ಕೂಲಿ, ಹೋಟೆಲು, ಡ್ರೈವಿಂಗ್ ಅಂತ ಇಪ್ಪತ್ತು ಇಪ್ಪತ್ತೈದು ವರ್ಷ ಕಳೆದವರು ಇದ್ದಾರೆ. ಅವರ ಕಡೆ ಕ್ಯಾಮೆರಾ ತಿರುಗಿದ್ದು ಕಡಿಮೆ. ಗೋವಾದ ಕನ್ನಡಿಗರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯವರೇ ಜಾಸ್ತಿ, ಅದು ನಿಜ. ಆದರೆ ಪ್ರಶ್ನೆ ಎಲ್ಲರದ್ದೂ ಒಂದೇ. ವಯಸ್ಸು ಐವತ್ತು ದಾಟಿತು. ಮೊಣಕಾಲು ನೋಯ್ತಿದೆ. ಮಗಳು ಹೈಸ್ಕೂಲು, ಮಗ ಪಿಯುಸಿ. ಇನ್ನು ಮುಂದೆ ಎಲ್ಲಿ? ವಾಸ್ಕೊದಲ್ಲೇ ಒಂದು ಸಣ್ಣ ಮನೆ ಮಾಡಿಕೊಂಡು ಇದ್ದುಬಿಡೋದಾ, ಅಥವಾ ಊರಿಗೆ ಬಂದು ಅಪ್ಪನ ಎರಡು ಎಕರೆ ನೋಡಿಕೊಳ್ಳೋದಾ?

ಈ ಪ್ರಶ್ನೆ ಕೇಳಿದರೆ ಜನ ಏನು ಹೇಳ್ತಾರೆ? ಗೋವಾದಲ್ಲಿ ಕೂಲಿ ಚೆನ್ನಾಗಿದೆ, ರಸ್ತೆ ಚೆನ್ನಾಗಿದೆ ಅಂತಾರೆ. ಬಿಯರ್ ಅಗ್ಗ ಅಂತಲೂ ಅಂತಾರೆ. (ಅದೊಂದೇ ಕಾರಣಕ್ಕೆ ರಾಜ್ಯ ಬದಲಾಯಿಸುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.) ಊರಲ್ಲಿ ಗಾಳಿ ಚೆನ್ನಾಗಿದೆ, ನೀರು ಚೆನ್ನಾಗಿದೆ, ಸತ್ತರೆ ಹೆಗಲು ಕೊಡೋಕೆ ನಾಲ್ಕು ಜನ ಇದ್ದಾರೆ ಅಂತಾರೆ. ಇದೆಲ್ಲ ಸರಿ. ಆದರೆ ತೀರ್ಮಾನ ಆಗೋದು ಗಾಳಿ ನೀರಿನಿಂದ ಅಲ್ಲ ಸ್ವಾಮಿ, ಟ್ರಂಕಿನಲ್ಲಿರೋ ಕಾಗದಗಳಿಂದ. ಯಾವ ಕಾಗದ ಯಾವ ರಾಜ್ಯದಲ್ಲಿ ನಡೆಯುತ್ತೆ, ಯಾವುದು ಗಡಿ ದಾಟಿದ ತಕ್ಷಣ ಬರೀ ಹಾಳೆ ಆಗಿಬಿಡುತ್ತೆ, ಅದನ್ನು ತಿಳಿದುಕೊಳ್ಳದೆ ಗಂಟುಮೂಟೆ ಕಟ್ಟಿದವರು ಹತ್ತು ವರ್ಷ ಆದ ಮೇಲೆ ಮಕ್ಕಳ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತೆ.

ಮೊದಲು ಸ್ವಲ್ಪ ಹಳೇ ಕಥೆ. ರಾಜ್ಯದ ಗಡಿ ಅನ್ನೋದು ಶಿಕಾರಿಪುರ, ಸೊರಬದವರಿಗೆ ಹೊಸದೇನೂ ಅಲ್ಲ. 1956ರ ನವೆಂಬರ್ 1ರವರೆಗೆ ಈ ಎರಡೂ ತಾಲೂಕು ಮೈಸೂರು ರಾಜ್ಯದಲ್ಲಿದ್ದವು. ಪಕ್ಕದ ಹಿರೇಕೆರೂರು, ಹಾನಗಲ್ ಎರಡೂ ಆಗಿನ ಧಾರವಾಡ ಜಿಲ್ಲೆ, ಅಂದರೆ ಬಾಂಬೆ ರಾಜ್ಯ. ಕದಂಬರ ರಾಜಧಾನಿ ಬನವಾಸಿ ಉತ್ತರ ಕನ್ನಡದಲ್ಲಿ, ಬಾಂಬೆ ರಾಜ್ಯ. ಅದೇ ಕದಂಬರ ಕಥೆ ಹೇಳುವ ತಾಳಗುಂದದ ಕಂಬದ ಶಾಸನ ಶಿಕಾರಿಪುರ ತಾಲೂಕಿನಲ್ಲಿ, ಮೈಸೂರು ರಾಜ್ಯ. ಶಿರಾಳಕೊಪ್ಪದ ಸಂತೆಗೆ ಬಂದ ಹಿರೇಕೆರೂರಿನ ರೈತ ಆ ಲೆಕ್ಕದಲ್ಲಿ ಹೊರರಾಜ್ಯದವನು! ಇಲ್ಲಿ ತಾಲೂಕಿನ ಯಜಮಾನನಿಗೆ ಅಮಲ್ದಾರ್ ಅಂತಿದ್ದರು, ಅಲ್ಲಿ ಮಾಮ್ಲೇದಾರ್. ಮಾತು ಒಂದೇ, ಬೀಗರು ಒಂದೇ, ಕಚೇರಿ ಬೇರೆ. ಆ ಮಾಮ್ಲೇದಾರ್ ಅನ್ನೋ ಹೆಸರು ಗೋವಾದಲ್ಲಿ ಇವತ್ತಿಗೂ ಇದೆ. ಮುಂದೆ ಅವರ ಬಾಗಿಲಿಗೂ ಹೋಗೋಣ.

ಈ ಗಡಿಯಿಂದ ಆದ ಒಂದು ವಿಚಿತ್ರ ಕೇಳಿ. ಶಿಕಾರಿಪುರದ ಸುತ್ತ ಲಂಬಾಣಿ ತಾಂಡಾಗಳು ಬಹಳ ಇವೆ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಕೂಡ ದೂರದಲ್ಲೇನಿಲ್ಲ, ಪಕ್ಕದ ನ್ಯಾಮತಿ ಕಡೆ. ಹಳೇ ಮೈಸೂರು ಭಾಗದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದರು. ಗಡಿಯಾಚೆ, ಹಳೇ ಬಾಂಬೆ ಭಾಗದಲ್ಲಿದ್ದ ತಾಂಡಾದವರು ಆ ಪಟ್ಟಿಯಲ್ಲಿ ಇರಲಿಲ್ಲ. 1956ರಲ್ಲಿ ರಾಜ್ಯ ಒಂದಾಯಿತು, ಪಟ್ಟಿ ಒಂದಾಗಲಿಲ್ಲ. ಅಣ್ಣನ ತಾಂಡಾ ಈ ಕಡೆ, ತಂಗಿಯನ್ನು ಕೊಟ್ಟ ತಾಂಡಾ ಆ ಕಡೆ. ಅಣ್ಣನ ಮಕ್ಕಳಿಗೆ ಮೀಸಲಾತಿ, ತಂಗಿಯ ಮಕ್ಕಳಿಗೆ ಇಲ್ಲ. ಸಂಸತ್ತು 1976ರಲ್ಲಿ ಕಾನೂನು ಮಾಡಿ ಈ ಪ್ರದೇಶದ ನಿರ್ಬಂಧ ತೆಗೆಯಿತು, ಅದು ಜಾರಿಗೆ ಬಂದದ್ದು 1977ರಲ್ಲಿ. ಅಲ್ಲಿಯವರೆಗೆ, ಒಂದೇ ರಾಜ್ಯದ ಒಳಗೆ ಇಪ್ಪತ್ತು ವರ್ಷ, ಹಳೇ ಗಡಿಯೇ ಮಕ್ಕಳ ಹಣೆಬರಹ ಬರೆಯಿತು.

ಈ ಹಳೇ ಕಥೆ ಈಗ್ಯಾಕೆ ಅಂದ್ರಾ? ಗೋವಾಕ್ಕೆ ಹೋಗಿ ನೆಲೆಸುವ ಕುಟುಂಬಕ್ಕೆ ಇವತ್ತು ಆಗೋದು ಅದೇ. ಅದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ನನ್ನ ಪ್ರಕಾರ ಈ ಇಡೀ ಲೆಕ್ಕಾಚಾರದಲ್ಲಿ ಅತಿ ದೊಡ್ಡ ಬಾಬ್ತು ಇದು. ಬಾಡಿಗೆ, ಕೂಲಿ ಎಲ್ಲ ಇದರ ಮುಂದೆ ಚಿಲ್ಲರೆ.

ಸಂವಿಧಾನದ 341ನೇ ವಿಧಿ ಏನು ಹೇಳುತ್ತೆ ಅಂದ್ರೆ, ಪರಿಶಿಷ್ಟ ಜಾತಿಗಳ ಪಟ್ಟಿ ಪ್ರತಿ ರಾಜ್ಯಕ್ಕೂ ಪ್ರತ್ಯೇಕ. ರಾಷ್ಟ್ರಪತಿಗಳು ಆಯಾ ರಾಜ್ಯಕ್ಕೆ ಅಂತ ಪಟ್ಟಿ ಹೊರಡಿಸ್ತಾರೆ. ನೀವು ಯಾವ ಜಾತಿ ಅನ್ನೋದು ಮಾತ್ರ ಅಲ್ಲ, ಯಾವ ರಾಜ್ಯದಲ್ಲಿ ಆ ಜಾತಿ ಅನ್ನೋದೂ ಮುಖ್ಯ. ಲಂಬಾಣಿಗಳನ್ನೇ ನೋಡಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಆಂಧ್ರ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅದೇ ಗೋರ್ ಭಾಷೆ, ಅದೇ ಸೇವಾಲಾಲ್ ಮಹಾರಾಜ್. ಗಡಿ ದಾಟಿದ ಹಾಗೆಲ್ಲ ಹೆಸರಿನ ಪಟ್ಟಿ ಬದಲು. ಗೋವಾದ ಪರಿಶಿಷ್ಟ ಜಾತಿ ಪಟ್ಟಿ 1968ರದ್ದು, ಬಹಳ ಚಿಕ್ಕದು. ಭಂಗಿ, ಚಂಭಾರ್, ಮಹಾರ್, ಮಹ್ಯಾವಂಶಿ, ಮಾಂಗ್. ಐದೇ ಹೆಸರು. ಲಂಬಾಣಿ ಇಲ್ಲ. ಭೋವಿ ಇಲ್ಲ. ಆದಿ ಕರ್ನಾಟಕ ಇಲ್ಲ.

ಹಾಗಾದ್ರೆ ಕರ್ನಾಟಕದ ಸರ್ಟಿಫಿಕೇಟ್ ತೋರಿಸಿದ್ರೆ? ನಡೆಯಲ್ಲ. 1990ರಲ್ಲೇ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಇತ್ಯರ್ಥ ಮಾಡಿತು. ಆಂಧ್ರದ ಹುಡುಗ, ಅಪ್ಪನ ಕೆಲಸದ ಕಾರಣಕ್ಕೆ ಮುಂಬೈಗೆ ಬಂದವನು, ಮೆಡಿಕಲ್ ಸೀಟು ಕೇಳಿದ. ಕೋರ್ಟು ಹೇಳಿದ್ದು ಇಷ್ಟು: ಒಂದು ರಾಜ್ಯದಲ್ಲಿ ಆ ಸಮುದಾಯ ಅನುಭವಿಸಿದ ಹಿಂದುಳಿದಿರುವಿಕೆಯನ್ನು ನೋಡಿ ಪಟ್ಟಿ ಮಾಡಿರೋದು, ವಲಸೆ ಹೋದವನು ಆ ಸ್ಥಾನಮಾನವನ್ನು ಜೊತೆಗೆ ಹೊತ್ತುಕೊಂಡು ಹೋಗೋಕಾಗಲ್ಲ. 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಮತ್ತೊಂದು ಸಂವಿಧಾನ ಪೀಠ ಇದನ್ನೇ ಗಟ್ಟಿ ಮಾಡಿತು. ಕೇಂದ್ರ ಸರ್ಕಾರದ ಕೆಲಸಕ್ಕೆ ಮಾತ್ರ ನಿಮ್ಮ ಮೂಲ ರಾಜ್ಯದ ಪ್ರಮಾಣಪತ್ರ ದೇಶದ ಎಲ್ಲೇ ಆದರೂ ನಡೆಯುತ್ತೆ. ರೈಲ್ವೆ, ಬ್ಯಾಂಕು, ಅಂಚೆ ಇಲಾಖೆಗೆ ಅರ್ಜಿ ಹಾಕೋ ಮಗನಿಗೆ ತೊಂದರೆ ಇಲ್ಲ. ಆದರೆ ಗೋವಾ ಸರ್ಕಾರದ ಕೆಲಸಕ್ಕೆ, ಗೋವಾದ ಕಾಲೇಜಿನ ರಾಜ್ಯ ಕೋಟಾದ ಸೀಟಿಗೆ ಅವನು ಸಾಮಾನ್ಯ ವರ್ಗ. ತಾಂಡಾದಿಂದ ಹೊರಟು, ಶೆಡ್ಡಿನಲ್ಲಿ ಬೆಳೆದ ಹುಡುಗ, ಸಾಮಾನ್ಯ ವರ್ಗ!

ಇದು ನ್ಯಾಯವೇ? ನನಗಂತೂ ಅರಗಲ್ಲ. ಗಡಿ ದಾಟಿದ ಕೂಡಲೇ ಬಡತನ ಕಳಚಿ ಬೀಳುತ್ತಾ? ಆದರೆ ಇನ್ನೊಂದು ಮಗ್ಗುಲೂ ಇದೆ. ಹೊರಗಿಂದ ಬಂದವರಿಗೆಲ್ಲ ಬಾಗಿಲು ತೆಗೆದರೆ ಸ್ಥಳೀಯ ಮಹಾರ್, ಚಂಭಾರ್ ಮಕ್ಕಳ ಪಾಲು ಕಡಿಮೆ ಆಗುತ್ತೆ ಅನ್ನೋ ವಾದವನ್ನು ಸುಳ್ಳು ಅನ್ನೋಕಾಗಲ್ಲ. ಅದೇನೇ ಇರಲಿ, ಕಾನೂನು ಇವತ್ತು ಇರೋದು ಹೀಗೆ. ಹಿಂದುಳಿದ ವರ್ಗದವರದ್ದೂ ಹೆಚ್ಚುಕಮ್ಮಿ ಇದೇ ಪಾಡು. ಸೊರಬದ ದೀವರಿಗೆ ಸಿಗುವ 2ಎ, ಶಿಕಾರಿಪುರದ ಲಿಂಗಾಯತರ 3ಬಿ, ಇವೆಲ್ಲ ಕರ್ನಾಟಕದ ಪದಗಳು. ಕಾರವಾರ ದಾಟಿ ಪೋಲೆಂ ಚೆಕ್‌ಪೋಸ್ಟಿನಲ್ಲಿ 2ಎ ಅಂದ್ರೆ ಅದೇನು ಬಸ್ ನಂಬರಾ ಅಂತ ಕೇಳಬಹುದು.

ಈ ಕಾಗದದ ಬೆಲೆ ಎಷ್ಟು ಅಂತ ಗೊತ್ತಾಗಬೇಕಾದರೆ 2023ರ ಮಾರ್ಚ್ 27 ನೆನಪಿಸಿಕೊಳ್ಳಿ. ಒಳಮೀಸಲಾತಿ ವಿಚಾರಕ್ಕೆ ಬಂಜಾರ ಸಮುದಾಯದವರು ಶಿಕಾರಿಪುರದಲ್ಲಿ ಬೀದಿಗಿಳಿದರು, ಯಡಿಯೂರಪ್ಪನವರ ಮನೆ ಮೇಲೆ ಕಲ್ಲು ಬಿತ್ತು. ಕಲ್ಲು ತೂರಿದ್ದನ್ನು ಯಾರೂ ಸಮರ್ಥಿಸಲ್ಲ. ಆದರೆ ಮೀಸಲಾತಿಯ ಶೇಕಡಾವಾರು ಲೆಕ್ಕ ಆ ತಾಂಡಾಗಳಿಗೆ ಎಷ್ಟು ಜೀವನ್ಮರಣದ ಪ್ರಶ್ನೆ ಅನ್ನೋದು ಅವತ್ತು ಇಡೀ ರಾಜ್ಯಕ್ಕೆ ಕಂಡಿತು. ಅಂಥ ಕಾಗದವನ್ನು ಗೋವಾದಲ್ಲಿ ನೆಲೆಸೋ ಅಪ್ಪ, ಸದ್ದಿಲ್ಲದೆ, ತನಗೇ ಗೊತ್ತಿಲ್ಲದೆ, ಮಕ್ಕಳ ಕೈಯಿಂದ ಕಿತ್ತುಕೊಂಡುಬಿಡ್ತಾನೆ.

ಇನ್ನು ಓದು. ಮಗ ಗೋವಾದಲ್ಲೇ ಒಂದನೇ ಕ್ಲಾಸಿಂದ ಓದಿದ. ಪಿಯುಸಿ ಆದ ಮೇಲೆ, ನಾವು ಮೂಲ ಕರ್ನಾಟಕದವರು, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಸೀಟು ಕೊಡಿ ಅಂದ್ರೆ? ಸಿಇಟಿಯ ಮುಖ್ಯ ನಿಯಮ ಏಳು ವರ್ಷದ್ದು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯಲ್ಲಿ ಒಂದನ್ನಾದರೂ ಇಲ್ಲಿ ಪಾಸು ಮಾಡಿರಬೇಕು. ಆ ಏಳು ವರ್ಷ ಇಲ್ಲದಿದ್ದರೆ ಇನ್ನೊಂದು ಕಿರುದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗ ಪಿಯುಸಿ ಎರಡೂ ವರ್ಷ ಕರ್ನಾಟಕದಲ್ಲಿ ಓದಿದರೆ ಅರ್ಹತೆ ಸಿಗುತ್ತೆ. ಅಂದರೆ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜೆಯೇ ತೀರ್ಮಾನದ ಸಮಯ. ಆಗ ಮಗನನ್ನು ಶಿಕಾರಿಪುರದ ಪಿಯು ಕಾಲೇಜಿಗೆ ಸೇರಿಸಿದರೆ ಬಾಗಿಲು ತೆರೆದಿರುತ್ತೆ. ಇನ್ನೊಂದು ವರ್ಷ ನೋಡೋಣ, ಮೇಸ್ತ್ರಿ ಕೆಲಸ ಮುಗೀಲಿ ಅಂದ್ರೆ ಮುಚ್ಚುತ್ತೆ. ಆದರೆ ಅಪ್ಪ ಅಮ್ಮ ಇಬ್ಬರೂ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರಾದರೆ? ಆ ಕಿರುದಾರಿಯೂ ಇಲ್ಲ. ಓದದ ಅಪ್ಪ ಅಮ್ಮನಿಗೇ ಈ ನಿಯಮ ಹೆಚ್ಚು ಏಟು ಕೊಡೋದು, ಇದನ್ನು ಬರೆದವರು ಯೋಚಿಸಿದಂತೆ ಕಾಣಲ್ಲ.

ಇದರ ಜೊತೆಗೆ ಗ್ರಾಮೀಣ ಕೋಟಾ ಇದೆ, ಸಿಇಟಿಯಲ್ಲಿ ಶೇಕಡಾ 15. ಕನ್ನಡ ಮಾಧ್ಯಮದ ಕೋಟಾ ಶೇಕಡಾ 5. ಒಂದರಿಂದ ಹತ್ತರವರೆಗೆ ಮೊದಲನೆಯದಕ್ಕೆ ಕರ್ನಾಟಕದ ಹಳ್ಳಿಯಲ್ಲಿ ಓದಿರಬೇಕು, ಎರಡನೆಯದಕ್ಕೆ ಕನ್ನಡದಲ್ಲಿ ಓದಿರಬೇಕು. ಆನವಟ್ಟಿಯ ಪಕ್ಕದ ಹಳ್ಳಿ ಶಾಲೆಯಲ್ಲಿ ಓದುವ ಹುಡುಗಿಗೆ ಇವು ಸುಮ್ಮನೆ ಬರುವ ಆಸ್ತಿ. ಪಟ್ಟಣದ ಖಾಸಗಿ ಶಾಲೆಗೆ ಸಾಲ ಮಾಡಿ ಕಳಿಸುವವರು ಒಮ್ಮೆ ಈ ಲೆಕ್ಕ ಹಾಕಿ ನೋಡಬೇಕು.

ಈಗ ನಾಣ್ಯದ ಇನ್ನೊಂದು ಮುಖ ನೋಡೋಣ. ಗೋವಾ ತನ್ನಲ್ಲಿ ನೆಲೆಸಿದವರಿಗೆ ಏನೂ ಕೊಡಲ್ವಾ? ಕೊಡುತ್ತೆ. ಆದರೆ ಕಾಯಿಸಿ ಕೊಡುತ್ತೆ. ಅಲ್ಲಿನ ಮಂತ್ರಸಂಖ್ಯೆ ಹದಿನೈದು. ಮಾಮ್ಲೇದಾರ್ ಕಚೇರಿಯಿಂದ 15 ವರ್ಷ ಗೋವಾದಲ್ಲಿ ವಾಸ ಇದ್ದಾರೆ ಅಂತ ಪ್ರಮಾಣಪತ್ರ ತಂದರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು, ಕೊಂಕಣಿ ಕೂಡ ಬರಬೇಕು. ಮನೆಯೊಡತಿಗೆ ತಿಂಗಳಿಗೆ 1,500 ರೂಪಾಯಿ ಕೊಡುವ ಗೃಹ ಆಧಾರ್ ಯೋಜನೆಗೂ 15 ವರ್ಷ. ಅರವತ್ತು ದಾಟಿದವರಿಗೆ ತಿಂಗಳಿಗೆ 2,000 ರೂಪಾಯಿಯ ದಯಾನಂದ ಸಾಮಾಜಿಕ ಭದ್ರತಾ ಯೋಜನೆಗೂ 15 ವರ್ಷ. ನಮ್ಮಲ್ಲಿ ಗೃಹಲಕ್ಷ್ಮಿಯ 2,000 ಇದೆ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾದ 1,200 ಇದೆ. ಗೃಹಲಕ್ಷ್ಮಿ ನಿಂತಿರೋದು ಕರ್ನಾಟಕದ ರೇಷನ್ ಕಾರ್ಡಿನ ಮೇಲೆ. ಕಾರ್ಡು ಗೋವಾಕ್ಕೆ ಬದಲಾಯಿಸಿಕೊಂಡರೆ ಅಲ್ಲಿ ಹದಿನೈದು ತುಂಬಿಲ್ಲ, ಇಲ್ಲಿ ಹೆಸರು ಹೋಯ್ತು. ತ್ರಿಶಂಕು ಸ್ವರ್ಗ ಅಂದ್ರೆ ಇದೇ.

ಹಾಗಾಗಿ ಹನ್ನೆರಡು ಹದಿಮೂರು ವರ್ಷ ಆದವರಿಗೆ ನಾನು ಹೇಳೋದು ಬೇರೆ, ನಾಲ್ಕೈದು ವರ್ಷ ಆದವರಿಗೆ ಹೇಳೋದು ಬೇರೆ. ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಸೇರಿದ್ದಾರೆ, ನೀವು ಹದಿಮೂರು ವರ್ಷ ಬಾಡಿಗೆ ಮನೆಯಲ್ಲಿ ಕಳೆದಿದ್ದೀರಿ, ಅದಕ್ಕೆ ದಾಖಲೆ ಇದೆ ಅಂದ್ರೆ ಇನ್ನೆರಡು ವರ್ಷ ತಡೀರಿ. ದಾಖಲೆ ಅನ್ನೋ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಮಕ್ಕಳ ಶಾಲೆ ದಾಖಲೆ. ಇಪ್ಪತ್ತು ವರ್ಷ ಶೆಡ್ಡಿಂದ ಶೆಡ್ಡಿಗೆ ತಿರುಗಿ, ಒಂದು ಚೀಟಿಯೂ ಇಲ್ಲದವರು ಗೋವಾದ ಲೆಕ್ಕದಲ್ಲಿ ಬಂದೇ ಇಲ್ಲ.

ಸೂರಿನ ವಿಷಯಕ್ಕೆ ಬರೋಣ. ಗೋವಾದಲ್ಲಿ ಸ್ವಂತ ಮನೆ ಇದೆ ಅಂತ ಎದೆ ತಟ್ಟಿ ಹೇಳುವ ಬಹಳ ಜನರ ಮನೆ ಯಾರ ಜಾಗದಲ್ಲಿದೆ? ಅಲ್ಲಿ ಕೊಮುನಿದಾದ್ ಅಂತ ಒಂದು ವ್ಯವಸ್ಥೆ, ಪೋರ್ಚುಗೀಸರಿಗಿಂತ ಹಳೆಯದು, ಊರಿನ ಮೂಲ ಮನೆತನಗಳು ಒಟ್ಟಾಗಿ ಹೊಂದಿರುವ ಭೂಮಿ. ಅದರ ಮೇಲೆ ಕಟ್ಟಿದ ಮನೆಗೆ ನಂಬರ್ ಸಿಗಬಹುದು, ಕರೆಂಟ್ ಸಿಗಬಹುದು, ಹಕ್ಕು ಸಿಕ್ಕಿತು ಅಂತ ಅಲ್ಲ. ವಾಸ್ಕೊದ ಬೈನಾದಲ್ಲಿ 2004ರಲ್ಲಿ ಬುಲ್ಡೋಜರ್ ಬಂತು, 2015ರಲ್ಲಿ ಮತ್ತೆ ಬಂತು. ಮನೆ ಕಳಕೊಂಡವರಲ್ಲಿ ಕನ್ನಡದವರು ಬಹಳ ಜನ. ಇಲ್ಲಿಂದ ಸಚಿವರು ಹೋದರು, ನಾವೂ ಮೈಕ್ ಹಿಡಿದು ಹೋದೆವು, ಮಹದಾಯಿ ಜಗಳದ ಜೊತೆ ಅದನ್ನೂ ಸೇರಿಸಿ ಎರಡು ದಿನ ಕೂಗಾಡಿದೆವು. ಮೂರನೇ ದಿನ ಬೇರೆ ಸುದ್ದಿ. ಗೋವಾದಲ್ಲಿ ಗದ್ದೆ ಕೊಳ್ಳೋ ಯೋಚನೆ ಇದ್ದರೆ ಅದನ್ನೂ ಕೇಳಿ: 2023ರ ಕಾನೂನಿನ ಪ್ರಕಾರ ಭತ್ತದ ಗದ್ದೆಯನ್ನು ಕೃಷಿಕರಿಗೆ ಮಾತ್ರ ಮಾರಬಹುದು.

ಗಂಡಹೆಂಡತಿ ಆಸ್ತಿಯ ಕಾನೂನೂ ಅಲ್ಲಿ ಬೇರೆ. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ನೆರಳು ಇನ್ನೂ ಇದೆ. ಮದುವೆಯಾದರೆ ಆಸ್ತಿಯಲ್ಲಿ ಇಬ್ಬರಿಗೂ ಅರ್ಧರ್ಧ, ಮಕ್ಕಳನ್ನು ಪೂರ್ತಿ ಹೊರಗಿಟ್ಟು ವಿಲ್ ಬರೆಯೋಕಾಗಲ್ಲ. ಗೋವಾ ಮೂಲದವರ ಆಸ್ತಿ ದೇಶದ ಬೇರೆ ಕಡೆ ಇದ್ದರೂ ಈ ಕಾನೂನೇ ಅನ್ವಯ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ವಲಸೆ ಹೋದ ಮಾತ್ರಕ್ಕೆ ಇದು ತಾನಾಗಿ ಮೈಮೇಲೆ ಬರಲ್ಲ. ಮಗನೋ ಮಗಳೋ ಗೋವಾದವರನ್ನು ಮದುವೆ ಆಗ್ತಿದ್ದರೆ, ಸೊರಬದ ತೋಟ ಭಾಗ ಮಾಡುವ ಮುಂಚೆ ವಕೀಲರನ್ನು ಕಾಣಿ. ನನ್ನನ್ನು ಕೇಳಿದರೆ, ಹೆಣ್ಣುಮಕ್ಕಳಿಗೆ ಈ ಕಾನೂನು ನಮ್ಮದಕ್ಕಿಂತ ವಾಸಿ.

ಹಾಗಾದ್ರೆ ಊರಲ್ಲಿ? ಊರಲ್ಲಿ ಭೂಮಿ ಇದೆ ಅಂತಾರಲ್ಲ, ಅದು ಎಂಥ ಭೂಮಿ ಅಂತ ಕೇಳಬೇಕು. ಲಂಬಾಣಿ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅದಕ್ಕೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ. ಅದನ್ನು ಮಾರಿ ವಾಸ್ಕೊದಲ್ಲಿ ಫ್ಲಾಟ್ ತಗೋತೀನಿ ಅಂತ ಅಡ್ವಾನ್ಸ್ ಕೊಟ್ಟು ಕೂತರೆ ಅಡ್ವಾನ್ಸೂ ಹೋಗುತ್ತೆ. ಕೆಲವರು ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟು ದುಡ್ಡು ತಗೊಂಡುಬಿಡ್ತಾರೆ. ಆ ಬರಹಕ್ಕೆ ಕಾನೂನಿನ ಬೆಲೆ ಇಲ್ಲ, ಜಗಳಕ್ಕೆ ಮಾತ್ರ ಆಧಾರ. ಒಂದು ರೀತಿಯಲ್ಲಿ ಈ ಕಾಯ್ದೆಯೇ ಎಷ್ಟೋ ಕುಟುಂಬಗಳ ಎರಡು ಎಕರೆಯನ್ನು ಉಳಿಸಿದೆ, ಇಲ್ಲದಿದ್ದರೆ ಯಾವತ್ತೋ ಒಂದು ಮದುವೆ ಖರ್ಚಿಗೆ ಹೋಗಿರ್ತಿತ್ತು.

ಬಗರ್ ಹುಕುಂ ಸಾಗುವಳಿ ಆದರೆ ಕಥೆ ಇನ್ನೂ ಸೂಕ್ಷ್ಮ. ನಮೂನೆ 57ರಲ್ಲಿ ಅರ್ಜಿ ಹಾಕಿ ಕಾಯ್ತಿದ್ದೀರಿ, ಆದರೆ ಉಳುತ್ತಿರೋದು ಯಾರು? ನೀವು ಗೋವಾದಲ್ಲಿ, ಜಮೀನಿನಲ್ಲಿ ಬೇರೆಯವರ ಶುಂಠಿ. ಸ್ಥಳ ಪರಿಶೀಲನೆಗೆ ಬಂದ ಗ್ರಾಮ ಲೆಕ್ಕಿಗರು ಏನು ಬರೀತಾರೆ? ಸೊರಬ ಸಾಗರದ ಕಡೆ ಅರಣ್ಯ ಹಕ್ಕಿನ ಅರ್ಜಿ ಹಾಕಿದವರದ್ದು ಬೇರೆ ತಲೆನೋವು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ವಾಸ ಇದ್ದದ್ದನ್ನು ತೋರಿಸಬೇಕು. ಅರ್ಜಿ ಬಾಕಿ ಇರುವಾಗ ಇಡೀ ಮನೆಯವರು ಬೀಗ ಹಾಕಿ ಹೋಗೋದು ಒಳ್ಳೇದಲ್ಲ. ಒಬ್ಬರಾದರೂ ಊರಲ್ಲಿರಿ. ಅಜ್ಜಿ ಒಬ್ಬಳೇ ಒಲೆ ಹಚ್ಚಿಕೊಂಡು ಇದ್ದರೂ ಅದು ವಾಸ.

ತಮಾಷೆ ನೋಡಿ, ನಮ್ಮವರು ಊರು ಬಿಟ್ಟು ಗೋವಾಕ್ಕೆ ಹೋದರೆ, ಕೇರಳದವರು ಬಂದು ಇದೇ ಸೊರಬ, ಶಿಕಾರಿಪುರದಲ್ಲಿ ಜಮೀನು ಲೀಸಿಗೆ ಹಿಡಿದು ಶುಂಠಿ ಬೆಳೀತಾರೆ. ಅವರ ಕಣ್ಣಿಗೆ ಇದು ದುಡ್ಡಿನ ನಾಡು.

ಆಸ್ಪತ್ರೆ. ವಯಸ್ಸಾದ ಮೇಲೆ ಇದೇ ಮುಖ್ಯ ಅನ್ನೋರಿಗೆ ಸ್ವಲ್ಪ ವಿವರ. ಬಾಂಬೋಲಿಮ್‌ನ ಗೋವಾ ಮೆಡಿಕಲ್ ಕಾಲೇಜು ದೊಡ್ಡ ಆಸ್ಪತ್ರೆ. ಕಾರವಾರ ಕಡೆಯವರೂ ಅಲ್ಲಿಗೇ ಓಡೋದು. 2018ರ ಜನವರಿಯಿಂದ ಹೊರರಾಜ್ಯದವರಿಗೆ ಅಲ್ಲಿ ಶುಲ್ಕ ಶುರುವಾಯಿತು. ಗೋವಾದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಕಾರ್ಡು ಇದ್ದರೆ ಅನುಕೂಲ, ಅದಕ್ಕೆ ಐದು ವರ್ಷದ ವಾಸ ಸಾಕು. ಮೂರು ಜನರ ಕುಟುಂಬಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ, ನಾಲ್ಕು ಮತ್ತು ಹೆಚ್ಚು ಜನ ಇದ್ದರೆ ನಾಲ್ಕು ಲಕ್ಷದವರೆಗೆ. ಹದಿನೈದು ಹದಿನೈದು ಅನ್ನೋ ರಾಜ್ಯ ಇದೊಂದರಲ್ಲಿ ಉದಾರ. ಇಲ್ಲಿ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷ. ಊರಿನ ಸೊಸೈಟಿಯಲ್ಲೋ ಹಾಲಿನ ಡೇರಿಯಲ್ಲೋ ಸದಸ್ಯತ್ವ ಇದ್ದರೆ ಯಶಸ್ವಿನಿ. ಹೋಗೋರು ಆ ಷೇರು ದುಡ್ಡು ವಾಪಸ್ ತಗೊಂಡು ಸದಸ್ಯತ್ವ ಬಿಡಬೇಡಿ.

ಆದರೆ ಕಾರ್ಡಿನಲ್ಲಿ ಐದು ಲಕ್ಷ ಇದ್ದು, ಆಸ್ಪತ್ರೆ ಎಷ್ಟು ದೂರ ಅನ್ನೋದೇ ಪ್ರಶ್ನೆಯಾದರೆ? ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್‌ಗೆ ಐವತ್ತು ಕಿಲೋಮೀಟರ್ ಮೇಲೆ. ಸೊರಬದವರಿಗೆ ಇನ್ನೂ ದೂರ. ಹಾರ್ಟ್ ಅಟ್ಯಾಕ್ ಆದವರಿಗೆ ಆ ಒಂದು ಗಂಟೆ ಬಹಳ ದೊಡ್ಡದು. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆಯ್ತು, ಸಂತೋಷ. ಎದೆ ನೋವು ಬಂದ ಸೊರಬದ ಅಜ್ಜನಿಗೆ ಬೇಕಾಗಿರೋದು ವಿಮಾನ ಅಲ್ಲ, ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಹನ್ನೆರಡಕ್ಕೂ ಸಿಗುವ ಹೃದಯದ ಡಾಕ್ಟರು. ವಾಸ್ಕೊದಲ್ಲಿರೋರಿಗೆ ಈ ಒಂದು ವಿಷಯದಲ್ಲಿ ಗೋವಾ ಖಂಡಿತ ಮೇಲು. ಹೃದಯ, ಕಿಡ್ನಿ ತೊಂದರೆ ಈಗಾಗಲೇ ಇದ್ದವರು, ವಾರಕ್ಕೆರಡು ಡಯಾಲಿಸಿಸ್ ಬೇಕಾದವರು ಊರಿನ ಮೋಹದಲ್ಲಿ ಈ ಮಾತು ಮರೀಬೇಡಿ.

ಮಂಗನ ಕಾಯಿಲೆಗೆ ಹೆದರಿ ಸೊರಬ ಬೇಡ ಅನ್ನೋರಿಗೂ ಒಂದು ಮಾತು. ಆ ಕಾಯಿಲೆಯ ಇಂಗ್ಲಿಷ್ ಹೆಸರಿನಲ್ಲೇ ಸೊರಬ ತಾಲೂಕಿನ ಕ್ಯಾಸನೂರು ಇದೆ, 1957ರಲ್ಲಿ ಅಲ್ಲಿನ ಕಾಡಿನಲ್ಲಿ ಪತ್ತೆಯಾದದ್ದು ನಿಜ. ಆದರೆ 2015ರಿಂದ ಗೋವಾದ ಸತ್ತರಿ ತಾಲೂಕಿನಲ್ಲೂ ಅದು ಕಾಣಿಸಿಕೊಂಡಿದೆ. ಉಣುಗಿಗೆ ರಾಜ್ಯದ ಗಡಿ ಗೊತ್ತಿಲ್ಲ. ಬೇಸಿಗೆಯಲ್ಲಿ ಕಾಡಿಗೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತಿದ್ದು ಕಂಡರೆ ಹೆಲ್ತ್ ಸೆಂಟರಿಗೆ ಹೇಳಿ, ಅಷ್ಟೇ.

ಉಳಿದದ್ದು ಬೇಗ ಮುಗಿಸ್ತೀನಿ. ಆದಾಯ ತೆರಿಗೆ ಕೇಂದ್ರದ್ದು, ಎಲ್ಲಿದ್ದರೂ ಒಂದೇ. ಪಿಎಫ್ ಪಿಂಚಣಿ 2025ರಿಂದ ದೇಶದ ಯಾವ ಬ್ಯಾಂಕಿನಲ್ಲಾದರೂ ಬರುತ್ತೆ. ಬೈಕು ಶಿವಮೊಗ್ಗದ ಕೆಎ 14 ಅಥವಾ ಸಾಗರದ ಕೆಎ 15 ಇದ್ದು, ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು, ಮುಂಚೆ ಇಲ್ಲಿಂದ ಎನ್‌ಒಸಿ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಯಲ್ಲಿ ಇಲ್ಲಿನ ಕಾರ್ಡಿಗೆ ಗೋವಾದಲ್ಲೂ ಕೇಂದ್ರದ ಪಾಲಿನ ಅಕ್ಕಿ ಸಿಗುತ್ತೆ, ಹಾಗಾಗಿ ಅಕ್ಕಿಗೋಸ್ಕರ ಕಾರ್ಡು ಬದಲಾಯಿಸುವ ಅಗತ್ಯ ಇಲ್ಲ. ಓಟು ಮಾತ್ರ ಒಂದೇ ಕಡೆ. ಎರಡು ಕಡೆ ಹೆಸರಿಟ್ಟುಕೊಳ್ಳೋದು ಅಪರಾಧ. ಪಂಚಾಯಿತಿ ಎಲೆಕ್ಷನ್‌ಗೆ ಬಸ್ ಮಾಡಿ ಕರೆಸಿಕೊಳ್ಳುವ ನಾಯಕರು ಇದನ್ನು ನಿಮಗೆ ಹೇಳಿರಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ನೀವು ಏನಂತೀರಿ ಅಂದ್ರೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಓದೋ ಮಕ್ಕಳಿದ್ದು, ಕರ್ನಾಟಕದ ಮೀಸಲಾತಿ ಪಟ್ಟಿಯಲ್ಲಿರುವ ಕುಟುಂಬ ಆದರೆ ವಾಪಸ್ ಬನ್ನಿ. ಎಲ್ಲರೂ ಬರೋಕಾಗದಿದ್ದರೆ ಮಕ್ಕಳನ್ನು, ಮಕ್ಕಳ ಜೊತೆ ತಾಯಿಯನ್ನು ಕಳಿಸಿ. ಅಪ್ಪ ಇನ್ನೈದು ವರ್ಷ ಗೋವಾದಲ್ಲಿ ದುಡಿಯಲಿ. ಕಷ್ಟ ಅಂತ ಗೊತ್ತು, ಸಂಸಾರ ಎರಡು ಕಡೆ ಆಗುತ್ತೆ, ಎರಡು ಬಾಡಿಗೆ, ಎರಡು ಒಲೆ. ಆದರೂ ಇದು ದುಡ್ಡಿನಲ್ಲಿ ಲೆಕ್ಕ ಹಾಕುವ ನಷ್ಟ. ಹೋದ ಮೀಸಲಾತಿ, ಹೋದ ಏಳು ವರ್ಷ ಲೆಕ್ಕಕ್ಕೇ ಸಿಗಲ್ಲ. ಮಕ್ಕಳು ನೆಲೆ ಕಂಡಿದ್ದಾರೆ, ನಿಮಗೆ ಗೋವಾದಲ್ಲಿ ಹದಿನೈದು ವರ್ಷದ ಗಟ್ಟಿ ದಾಖಲೆ ಇದೆ, ಮನೆ ಜಾಗ ನಿಮ್ಮ ಹೆಸರಲ್ಲಿದೆ, ಆರೋಗ್ಯ ಅಷ್ಟಕ್ಕಷ್ಟೇ ಅಂದ್ರೆ ಅಲ್ಲೇ ಇರಿ. ಯಾರೋ ಊರಿನ ಅಭಿಮಾನದ ಮಾತಾಡಿದರು ಅಂತ ಬರಬೇಡಿ. ವಾಸ್ಕೊದಲ್ಲಿ ಕನ್ನಡ ಸಂಘ ಇದೆ, ರಾಜ್ಯೋತ್ಸವ ನಡೆಯುತ್ತೆ, ಅಲ್ಲಿದ್ದ ಮಾತ್ರಕ್ಕೆ ಕನ್ನಡ ಮರೆಯಲ್ಲ.

ಊರು ಬಿಟ್ಟು ಹೋಗಿ ಬಂದವರಲ್ಲಿ ಶಿಕಾರಿಪುರ ತಾಲೂಕಿನ ಮೊದಲ ದಾಖಲೆ ಮಯೂರಶರ್ಮನದ್ದು. ತಾತ ವೀರಶರ್ಮನ ಜೊತೆ ಓದೋಕೆ ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು, ಅವಮಾನ ಆಯ್ತು, ವಾಪಸ್ ಬಂದು ರಾಜ್ಯವನ್ನೇ ಕಟ್ಟಿದ. ತಾಳಗುಂದದ ಕಂಬದ ಮೇಲೆ ಕೆತ್ತಿದೆ. ಅವನಿಗೆ ಡೊಮಿಸೈಲ್ ಸರ್ಟಿಫಿಕೇಟ್ ಯಾರೂ ಕೇಳಲಿಲ್ಲ, ನಿಮಗೆ ಕೇಳ್ತಾರೆ.

ಹಾಗಾಗಿ ಈ ಸಲ ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಒಂದು ದಿನ ನಾಡಕಚೇರಿಗೆ ಹೋಗಿ. ಅಪ್ಪನ ಹೆಸರಿನ ಜಾತಿ ಪ್ರಮಾಣಪತ್ರ, ಅಪ್ಪ ಓದಿದ್ದರೆ ಶಾಲೆಯ ವರ್ಗಾವಣೆ ಪತ್ರ, ಇವೆರಡನ್ನು ಮೊದಲು ಹುಡುಕಿ. ಗೋವಾದಲ್ಲಿ ಹುಟ್ಟಿದ ಮಗುವಿಗೂ ಆ ಅಪ್ಪನ ಕಾಗದವೇ ಆಧಾರ. ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಒಮ್ಮೆ ಮಾಡಿಸಿದರೆ ಜೀವನಪರ್ಯಂತ ನಡೆಯುತ್ತೆ, 2ಎ, 3ಬಿಯವರ ಜಾತಿ ಆದಾಯ ಪತ್ರಕ್ಕೆ ಐದು ವರ್ಷ. ಅದರ ಮೇಲಿರುವ ಆರ್‌ಡಿ ನಂಬರನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಮಳೆಗಾಲದಲ್ಲಿ ಟ್ರಂಕಿಗೆ ನೀರು ನುಗ್ಗುತ್ತೆ. ಆಮೇಲೆ ಜಮೀನಿನ ಪಹಣಿ ತೆಗೆಸಿ, ಮಾಲೀಕರ ಕಾಲಂನಲ್ಲಿ ತೀರಿಹೋದ ತಾತನ ಹೆಸರೇ ಇದ್ದರೆ ಪೌತಿ ಖಾತೆಗೆ ಅವತ್ತೇ ಅರ್ಜಿ ಕೊಡಿ.